ಜರ್ಮನಿ ಸರಿ, ಆದರೆ ಯಾವ ಊರು? ಅಯೋವಾದ ಬೀಗರ ಬೇರು ಹುಡುಕುವಾಗ ಯಾವ ದಾಖಲೆ ವಾಸಿ

ನಮ್ಮ ಬೀಗರು ಅಮೆರಿಕದ ಅಯೋವಾ ರಾಜ್ಯದ ರೈತರು. ಗ್ರಂಡಿ ಕೌಂಟಿಯಲ್ಲಿ ಅವರ ಜಮೀನು. ಕಣ್ಣು ಹಾಯಿಸಿದಷ್ಟೂ ಮೆಕ್ಕೆಜೋಳ, ಸೋಯಾ. ಮೊಮ್ಮಗಳು ಹುಟ್ಟಿದಾಗ ನಾನು ಆರು ತಿಂಗಳು ಅಲ್ಲಿದ್ದೆ. ಸೊಸೆಗೆ ಬರುವ ಹತ್ತು ಕನ್ನಡ ಪದಗಳಲ್ಲಿ 'ಮಾವ' ಒಂದು. ಒಂದು ದಿನ ಅವಳು, "ಮಾವ, ನೀವು ಏಳು ತಲೆಮಾರಿನ ಹೆಸರು ಬಾಯಲ್ಲೇ ಹೇಳುತ್ತೀರಿ. ನಮ್ಮಪ್ಪನಿಗೆ ಅವರ ಮುತ್ತಜ್ಜ ಯಾವ ಊರಿನವರು ಅಂತಲೂ ಗೊತ್ತಿಲ್ಲ. ಹುಡುಕೋಣವಾ?" ಎಂದಳು. ಬೀಗರನ್ನು ಕೇಳಿದರೆ ಒಂದೇ ಉತ್ತರ: "ಜರ್ಮನಿಯಿಂದ ಬಂದವರು." ಅದು ನಮ್ಮವರು "ಇಂಡಿಯಾದಿಂದ ಬಂದವರು" ಅಂದ ಹಾಗೆ. ಅಷ್ಟರಿಂದ ಯಾರ ಮನೆಯ ಬಾಗಿಲೂ ಸಿಗುವುದಿಲ್ಲ.

ನಾನು ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ನಿವೃತ್ತನಾದವನು. ಹಳೇ ಕಾಗದ ಕಂಡರೆ ಬಿಡುವ ಜಾತಿಯಲ್ಲ. ಆದರೂ ಮೊದಲ ಎರಡು ತಿಂಗಳು ಸುಮ್ನೆ ಹಾಳಾದವು. ಯಾವ ದಾಖಲೆಯನ್ನು ಮೊದಲು ನೋಡಬೇಕು, ಯಾವುದಕ್ಕೆ ದುಡ್ಡು ಕೊಡಬೇಕು ಎಂದು ಗೊತ್ತಿರಲಿಲ್ಲ. ಈಗ ಅಮೆರಿಕದ ಎಷ್ಟೋ ಕನ್ನಡ ಮನೆಗಳಿಗೆ ಇಂಥ ಬೀಗರಿದ್ದಾರೆ. ಅವರ ಸಮಯವಾದರೂ ಉಳಿಯಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಹುಡುಕಾಟದ ಗುಟ್ಟು ಇಷ್ಟೇ. ಜರ್ಮನಿಯಲ್ಲಿ ಹುಟ್ಟು, ಮದುವೆ, ಸಾವಿನ ಹಳೇ ದಾಖಲೆಗಳು ಒಂದೇ ಕಡೆ ಇಲ್ಲ. ಅವು ಊರೂರಿನ ಚರ್ಚಿನ ಪುಸ್ತಕಗಳಲ್ಲಿವೆ. ಸರ್ಕಾರಿ ನೋಂದಣಿ ಆಗಿನ ಜರ್ಮನಿಯ ಅತಿ ದೊಡ್ಡ ರಾಜ್ಯವಾದ ಪ್ರಷ್ಯಾದಲ್ಲಿ ಶುರುವಾದದ್ದು 1874ರಲ್ಲಿ, ಇಡೀ ಜರ್ಮನಿಗೆ ಬಂದದ್ದು 1876ರಲ್ಲಿ. ಅದೂ ಊರಿನ ಕಚೇರಿಯ ಮಟ್ಟದಲ್ಲೇ. ಅಂದರೆ ಊರಿನ ಹೆಸರು ಸಿಗುವ ತನಕ ಸಮುದ್ರ ದಾಟುವಂತಿಲ್ಲ. ಹಾಗಾಗಿ ಅಮೆರಿಕದ ಒಂದೊಂದು ದಾಖಲೆಯನ್ನೂ ನಾನು ಒಂದೇ ತಕ್ಕಡಿಯಲ್ಲಿ ತೂಗಿದೆ: ಇದನ್ನು ಬರೆದವನಿಗೆ ಊರಿನ ಹೆಸರು ಬೇಕಾಗಿತ್ತಾ, ಇಲ್ಲವಾ?

ಗುಮಾಸ್ತರು ಬರೆದದ್ದು

ಎಲ್ಲರೂ ಶುರು ಮಾಡುವುದು ಜನಗಣತಿಯಿಂದ. ಸುಲಭ, ಪುಕ್ಕಟೆ. ಅಮೆರಿಕದಲ್ಲಿ 1790ರಿಂದ ಹತ್ತು ವರ್ಷಕ್ಕೊಮ್ಮೆ ಗಣತಿ ನಡೆದಿದೆ. ಮನೆಯ ಎಲ್ಲರ ಹೆಸರು ಬರೆಯುವುದು 1850ರಿಂದ. 72 ವರ್ಷ ಆದ ಮೇಲೆ ಅದು ಸಾರ್ವಜನಿಕರಿಗೆ ತೆರೆಯುತ್ತದೆ. 1950ರ ಗಣತಿ 2022ರ ಏಪ್ರಿಲ್‌ನಲ್ಲಿ ಹೊರಬಂತು. 1890ರದ್ದು ಮಾತ್ರ ಕೇಳಬೇಡಿ. 1921ರ ಬೆಂಕಿಯಲ್ಲಿ ಬಹುಪಾಲು ಹೋಯಿತು. ವಲಸೆ ಜೋರಾಗಿದ್ದ ದಶಕವೇ ಹೋಯಿತಲ್ಲ ಎಂದು ಹೊಟ್ಟೆ ಉರಿಯುತ್ತದೆ.

ಬೀಗರ ಮುತ್ತಜ್ಜ 1860ರ ಗಣತಿಯಲ್ಲಿ ಹುಟ್ಟಿದ ಜಾಗ ಹ್ಯಾನೋವರ್ ಎಂದು ಬರೆಸಿದ್ದಾನೆ. 1870ರಲ್ಲಿ ಪ್ರಷ್ಯಾ. 1900ರಲ್ಲಿ ಜರ್ಮನಿ. ಮೂರು ಜನ ಬೇರೆ ಬೇರೆಯವರೇ ಇರಬೇಕು ಎಂದುಕೊಂಡೆ. ಅಲ್ಲ. ಮನುಷ್ಯ ಒಬ್ಬನೇ, ಊರೂ ಒಂದೇ. ರಾಜ ಬದಲಾಗಿದ್ದ. ಹ್ಯಾನೋವರ್ ರಾಜ್ಯವನ್ನು ಪ್ರಷ್ಯಾ 1866ರಲ್ಲಿ ನುಂಗಿತು. 1871ರಲ್ಲಿ ಎಲ್ಲ ಸೇರಿ ಜರ್ಮನ್ ಸಾಮ್ರಾಜ್ಯವಾಯಿತು. ಹಾಗಾಗಿ 1871ಕ್ಕಿಂತ ಹಿಂದಿನ ಗಣತಿಯೇ ನಿಮಗೆ ಜಾಸ್ತಿ ಹೇಳುತ್ತದೆ. ಬವೇರಿಯಾ, ವುರ್ಟೆಂಬರ್ಗ್, ಮೆಕ್ಲೆನ್‌ಬರ್ಗ್ ಎಂದು ಕಂಡರೆ ಹುಡುಕುವ ಜಾಗ ಹತ್ತರಲ್ಲಿ ಒಂದು ಪಾಲಿಗೆ ಇಳಿದ ಹಾಗೆ. ಹೊಸ ಗಣತಿಗಳ ಉಪಯೋಗ ಬೇರೆ. 1900ರದ್ದು ವಲಸೆ ಬಂದ ವರ್ಷ ಹೇಳುತ್ತದೆ. ಊರಿನ ಹೆಸರು ಮಾತ್ರ ಬಹುತೇಕ ಎಲ್ಲೂ ಇರುವುದಿಲ್ಲ, ಯಾಕೆಂದರೆ ಗಣತಿಯವನಿಗೆ ಅದು ಬೇಕಿರಲಿಲ್ಲ.

ರಾಜ್ಯಗಳೇ ನಡೆಸಿದ ಗಣತಿಗಳನ್ನು ಬಿಡಬೇಡಿ. ಅಯೋವಾದ 1925ರ ಗಣತಿ ನನ್ನ ಅಚ್ಚುಮೆಚ್ಚು. ಅದರಲ್ಲಿ ಪ್ರತಿಯೊಬ್ಬರ ಅಪ್ಪ ಅಮ್ಮನ ಹೆಸರಿದೆ, ಅಮ್ಮನ ತವರಿನ ಹೆಸರೂ ಇದೆ. ಇಂಥದ್ದು ಇನ್ನೊಂದು ಕಡೆ ಸಿಗುವುದು ಕಷ್ಟ.

ಪೌರತ್ವದ ಕಾಗದ ಗಣತಿಗಿಂತ ಮೇಲೋ? ಅದು ಇಸವಿ ಮೇಲೆ ನಿಂತಿದೆ. 1906ರ ಸೆಪ್ಟೆಂಬರ್ 27 ಇಲ್ಲಿ ಗಡಿ. ಅದರ ನಂತರದ್ದಾದರೆ ಅಚ್ಚು ಮಾಡಿದ ನಮೂನೆ ಇರುತ್ತದೆ, ಅದರಲ್ಲಿ ಹುಟ್ಟಿದ ಊರೂ ಇರುತ್ತದೆ. ಅಂಥವರು ನಿಮ್ಮ ಮನೆಯಲ್ಲಿದ್ದರೆ ಬೇರೆಲ್ಲ ಬಿಟ್ಟು ಮೊದಲು ಇದನ್ನೇ ತರಿಸಿ. ಅದಕ್ಕಿಂತ ಹಿಂದೆ ಯಾವ ಕೋರ್ಟಿನಲ್ಲಿ ಬೇಕಾದರೂ ಅರ್ಜಿ ಹಾಕಬಹುದಿತ್ತು. ಗುಮಾಸ್ತ ಬರೆಯುತ್ತಿದ್ದದ್ದು "ಹ್ಯಾನೋವರ್ ರಾಜನ ಪ್ರಜೆಯಾಗಿದ್ದೆ, ಈಗ ಅವನ ಹಂಗು ಬಿಟ್ಟೆ" ಎನ್ನುವಷ್ಟು ಮಾತ್ರ. ಹೆಂಡತಿ, ಚಿಕ್ಕ ಮಕ್ಕಳಿಗೆ ಗಂಡನ ಪೌರತ್ವವೇ ಬರುತ್ತಿದ್ದ ಕಾರಣ ಹೆಂಗಸರ ಕಾಗದ ಹುಡುಕಿ ಸೋಲಬೇಡಿ.

ಇನ್ನು ಹಡಗಿನ ಪಟ್ಟಿ. ಹೊಸಬರು ಇದಕ್ಕೇ ಮುಗಿಬೀಳುತ್ತಾರೆ, ನಾನೂ ಬಿದ್ದೆ. ಮುತ್ತಜ್ಜ ಇಳಿದ ಹಡಗಿನ ಹೆಸರು ಗೊತ್ತಾದರೆ ಖುಷಿ ಅಲ್ವಾ? ಖುಷಿ ಸರಿ, ಊರು ಸಿಗಬೇಕಲ್ಲ. ಅಮೆರಿಕ 1820ರಿಂದ ಪಟ್ಟಿ ಇಟ್ಟಿದೆ. ಹಳೆಯವುಗಳಲ್ಲಿ ಹೆಸರು, ವಯಸ್ಸು, ಕಸುಬು, ದೇಶ ಬಿಟ್ಟರೆ ಹೆಚ್ಚೇನಿಲ್ಲ. ಹೊರಟ ಬಂದರಿನ ಪಟ್ಟಿ ಅದಕ್ಕಿಂತ ಎಷ್ಟೋ ವಾಸಿ. ಹ್ಯಾಂಬರ್ಗ್‌ನ ಪಟ್ಟಿಗಳು 1850ರಿಂದ 1934ರ ತನಕ ಉಳಿದಿವೆ, ಅವುಗಳಲ್ಲಿ ಬಿಟ್ಟು ಬಂದ ಊರಿನ ಹೆಸರಿದೆ. ಬ್ರೆಮೆನ್‌ನಿಂದ ಹೊರಟವರ ಕಥೆ ಬೇರೆ. ಆ ಪಟ್ಟಿಗಳಲ್ಲಿ ಒಂದಷ್ಟನ್ನು ಇಡಲು ಜಾಗವಿಲ್ಲ ಎಂದು ಕಚೇರಿಯವರೇ ನಾಶ ಮಾಡಿದರು. ಉಳಿದದ್ದು ಎರಡನೇ ಮಹಾಯುದ್ಧದಲ್ಲಿ ಹೋಯಿತು. ಈಗ ಸಿಗುವುದು 1920ರ ನಂತರದ್ದು. ಜಾಗವಿಲ್ಲ ಎಂದು ದಾಖಲೆ ಸುಡುವ ಕಚೇರಿ ಎಲ್ಲ ದೇಶದಲ್ಲೂ ಇರುತ್ತದೆ ಎಂದು ತಿಳಿದು ನನಗೆ ವಿಚಿತ್ರ ಸಮಾಧಾನವಾಯಿತು. ನಮ್ಮ ಬೀಗರ ಕಡೆಯವರು ಬ್ರೆಮೆನ್ ದಾರಿ ಹಿಡಿದವರು, ಮೆಕ್ಲೆನ್‌ಬರ್ಗ್ ಕಡೆಯವರಾಗಿದ್ದರೆ ಹ್ಯಾಂಬರ್ಗ್ ನೋಡಬಹುದಿತ್ತು.

ಒಂದು ದಂತಕಥೆಯನ್ನು ಇಲ್ಲೇ ಮುಗಿಸಿಬಿಡುತ್ತೇನೆ. ನ್ಯೂಯಾರ್ಕ್ ಬಂದರಿನಲ್ಲಿ ವಲಸೆ ಬಂದವರನ್ನು ತಪಾಸಣೆ ಮಾಡುತ್ತಿದ್ದ ಜಾಗ ಎಲ್ಲಿಸ್ ದ್ವೀಪ. "ಎಲ್ಲಿಸ್ ದ್ವೀಪದಲ್ಲಿ ಅಧಿಕಾರಿಗಳು ನಮ್ಮ ಹೆಸರು ಬದಲಾಯಿಸಿದರು" ಎಂದು ಅರ್ಧ ಅಮೆರಿಕ ಹೇಳುತ್ತದೆ. ಅಲ್ಲಿನವರು ಹಡಗಿನಿಂದ ಬಂದ ಪಟ್ಟಿಗೆ ಜನರನ್ನು ತಾಳೆ ನೋಡುತ್ತಿದ್ದರು, ಹೊಸದಾಗಿ ಹೆಸರು ಬರೆಯುತ್ತಿರಲಿಲ್ಲ. ಅಲ್ಲದೆ ಎಲ್ಲಿಸ್ ದ್ವೀಪ ತೆರೆದದ್ದೇ 1892ರಲ್ಲಿ. ಹಳ್ಳಿ ಕಡೆ ನೆಲೆಸಿದ ಎಷ್ಟೋ ಜರ್ಮನ್ನರು ಅದಕ್ಕೆ ಮೊದಲೇ ಬಂದವರು. ಕೆಲವರು ನ್ಯೂ ಓರ್ಲಿಯನ್ಸ್‌ನಲ್ಲಿ ಇಳಿದು ಮಿಸಿಸಿಪ್ಪಿ ನದಿಯ ಮೇಲೆ ಉತ್ತರಕ್ಕೆ ಹೋದವರು. ನ್ಯೂಯಾರ್ಕ್ ಒಂದನ್ನೇ ಹುಡುಕಿ ಕೈಚೆಲ್ಲಬೇಡಿ.

ಪಾದ್ರಿ ಬರೆದದ್ದು

ಒಂದೇ ಒಂದು ದಾಖಲೆ ನೋಡಲು ಸಮಯವಿದೆ ಅನ್ನುವುದಾದರೆ, ಅಮೆರಿಕದ ಆ ಹಳ್ಳಿಯ ಜರ್ಮನ್ ಚರ್ಚಿನ ಪುಸ್ತಕ ನೋಡಿ. ಇದರಲ್ಲಿ ನನಗೆ ಎರಡು ಮಾತಿಲ್ಲ.

ಕಾರಣ ಇದೆ. ಕೋರ್ಟಿನ ಗುಮಾಸ್ತನಿಗೆ ಬೇಕಿದ್ದದ್ದು ರಾಜನ ಹೆಸರು. ಪಾದ್ರಿಗೆ ಬೇಕಿದ್ದದ್ದು ಊರು. ಅವನೂ ಜರ್ಮನಿಯಿಂದ ಬಂದವನೇ, ಎಷ್ಟೋ ಸಲ ಅದೇ ಸೀಮೆಯವನು. ಸತ್ತವರ ಪುಟದಲ್ಲಿ ಹುಟ್ಟಿದ ದಿನ, ಹುಟ್ಟಿದ ಊರು, ಅಪ್ಪ ಅಮ್ಮ ಎಲ್ಲ ಬರೆದಿರುತ್ತಾನೆ. ಊರಿನ ಹೆಸರಿನ ಕಾಗುಣಿತವೂ ಸರಿ ಇರುತ್ತದೆ. ಇಂಗ್ಲಿಷ್ ಮಾತ್ರ ಬಲ್ಲ ಗುಮಾಸ್ತ ಕಿವಿಗೆ ಬಿದ್ದಂತೆ ಬರೆದದ್ದಕ್ಕೂ ಇದಕ್ಕೂ ಅಜಗಜಾಂತರ. ಕೆಲವು ಚರ್ಚುಗಳಲ್ಲಿ ಇಡೀ ಕುಟುಂಬಕ್ಕೆ ಒಂದೊಂದು ಪುಟವೇ ಇದೆ.

ಸಿಗುವುದು ಎಲ್ಲಿ? ಚರ್ಚು ಈಗಲೂ ನಡೆಯುತ್ತಿದ್ದರೆ ಅಲ್ಲೇ, ಕಪಾಟಿನಲ್ಲಿ. ಮುಚ್ಚಿದ್ದರೆ ಆ ಪಂಗಡದ ಸಂಗ್ರಹಾಲಯದಲ್ಲಿ. ಮಿಸೌರಿ ಸಿನಡ್ ಎಂಬ ಲೂಥರನ್ ಪಂಗಡಕ್ಕೆ ಸೇರಿದ್ದಾದರೆ ಸೇಂಟ್ ಲೂಯಿಸ್‌ನ ಕಾನ್‌ಕಾರ್ಡಿಯಾ ಹಿಸ್ಟಾರಿಕಲ್ ಇನ್‌ಸ್ಟಿಟ್ಯೂಟ್ ಕೇಳಿ. ಕ್ಯಾಥಲಿಕರಾದರೆ ಆ ಭಾಗದ ಡಯಾಸಿಸ್ ಕಚೇರಿ, ಅಂದರೆ ಬಿಷಪ್ಪರ ಕಚೇರಿ. ಇಲ್ಲೊಂದು ಎಚ್ಚರ: ಹಳ್ಳಿಯಲ್ಲಿ ತಮ್ಮ ಪಂಗಡದ ಚರ್ಚು ಇಲ್ಲದಿದ್ದಾಗ ಜನ ಹತ್ತಿರದ್ದಕ್ಕೆ ಹೋಗುತ್ತಿದ್ದರು. ನಮ್ಮ ಬೀಗರ ಮನೆಯವರು ಈಗ ಪ್ರೆಸ್ಬಿಟೇರಿಯನ್. ಮುತ್ತಜ್ಜ ಊರಿನಲ್ಲಿ ರಿಫಾರ್ಮ್ಡ್ ಚರ್ಚಿನವನಾಗಿದ್ದ. ಈಗಿನ ಪಂಗಡ ನೋಡಿ ಹಳೆಯದನ್ನು ಊಹಿಸಬೇಡಿ.

ಚರ್ಚಿನ ಪುಸ್ತಕಕ್ಕೆ ದೊಡ್ಡ ಅಡ್ಡಿ ಲಿಪಿ. ಕುರೆಂಟ್ ಎನ್ನುವ ಹಳೇ ಜರ್ಮನ್ ಕೈಬರಹ ಅದು. ಈಗಿನ ಜರ್ಮನ್ನರಿಗೇ ಓದಲು ಬರುವುದಿಲ್ಲ, ನಮ್ಮ ಮೋಡಿ ಲಿಪಿಯ ಹಾಗೆ. 'ಎನ್' ಮತ್ತು 'ಇ' ಒಂದೇ ತರಹ ಕಾಣುತ್ತವೆ. ನಾನು ಮೊದಲು ಹನ್ನೆರಡು ತಿಂಗಳ ಹೆಸರು, ಹುಟ್ಟಿದ, ಸತ್ತ, ಮದುವೆಯಾದ ಎಂಬ ಪದಗಳನ್ನು ಮಾತ್ರ ಗುರುತಿಸಲು ಕಲಿತೆ. ಎರಡು ವಾರ ಹಿಡಿಯಿತು. ಅಷ್ಟಿದ್ದರೆ ಮುಕ್ಕಾಲು ಕೆಲಸ ಆಗುತ್ತದೆ. ಟ್ರಾನ್ಸ್‌ಕ್ರೈಬಸ್ ಎಂಬ ತಂತ್ರಾಂಶ ಈ ಕೈಬರಹ ಓದಿಕೊಡುತ್ತದೆ. ಆದರೆ ಊರಿನ ಹೆಸರನ್ನು ಅದು ಓದಿದ್ದೇ ಸರಿ ಎಂದು ನಂಬಬೇಡಿ, ನೀವೂ ಕಣ್ಣು ಹಾಯಿಸಿ.

ಕಲ್ಲು, ಪೇಪರು, ಜಮೀನು

ಸ್ಮಶಾನಕ್ಕೆ ಹೋಗಿ ಬನ್ನಿ. ಹಳೇ ಜರ್ಮನ್ ಸಮಾಧಿ ಕಲ್ಲಿನ ಮೇಲೆ ಹುಟ್ಟಿದ ಊರು ಕೆತ್ತಿರುವುದುಂಟು. ಫೈಂಡ್ ಎ ಗ್ರೇವ್ ತಾಣದಲ್ಲಿ ಫೋಟೋ ಸಿಗುತ್ತದೆ, ಆದರೆ ಅಲ್ಲಿ ಯಾರೋ ಟೈಪ್ ಮಾಡಿ ಹಾಕಿದ ವಿವರ ಬೇರೆ, ಕಲ್ಲಿನ ಮೇಲಿರುವುದು ಬೇರೆ. ಕಲ್ಲನ್ನೇ ಓದಿ.

ಜರ್ಮನ್ ಭಾಷೆಯ ಪತ್ರಿಕೆಗಳನ್ನು ಚರ್ಚಿನ ನಂತರದ ಸ್ಥಾನದಲ್ಲಿ ಇಡುತ್ತೇನೆ. ಇಂಗ್ಲಿಷ್ ಪತ್ರಿಕೆಯ ನಿಧನ ವಾರ್ತೆಯಲ್ಲಿ "ಜರ್ಮನಿಯಲ್ಲಿ ಹುಟ್ಟಿದರು" ಎಂದಷ್ಟೇ ಇರುವ ಕಡೆ, ಜರ್ಮನ್ ಪತ್ರಿಕೆ ಊರು, ಬಂದ ವರ್ಷ, ಹಿಂದೆ ಉಳಿದ ಅಣ್ಣತಮ್ಮಂದಿರನ್ನೂ ಹೇಳುತ್ತದೆ. ಬೀಗರ ಸೀಮೆಯಾದ ಓಸ್ಟ್‌ಫ್ರೀಸ್‌ಲ್ಯಾಂಡಿನವರಿಗಂತೂ ಒಂದು ಪತ್ರಿಕೆಯೇ ಇತ್ತು. 1882ರಲ್ಲಿ ಶುರುವಾದ ಓಸ್ಟ್‌ಫ್ರೀಸಿಷೆ ನಾಖ್ರಿಖ್ಟೆನ್, ಅಯೋವಾದ ಬ್ರೇಡಾ ಎಂಬ ಸಣ್ಣ ಊರಿನಿಂದ ಬರುತ್ತಿತ್ತು. ಹಿಂದಿನ ಊರಿನ ಸುದ್ದಿ, ಇಲ್ಲಿನ ಸಾವು ನೋವು ಎಲ್ಲ ಅದರಲ್ಲಿ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನ ಕ್ರಾನಿಕ್ಲಿಂಗ್ ಅಮೆರಿಕ ತಾಣದಲ್ಲಿ ಬೇರೆ ಎಷ್ಟೋ ಜರ್ಮನ್ ಪತ್ರಿಕೆಗಳು ಪುಕ್ಕಟೆ ಸಿಗುತ್ತವೆ. ಫ್ರಾಕ್ಟೂರ್ ಎಂಬ ಹಳೇ ಜರ್ಮನ್ ಅಚ್ಚನ್ನು ಕಂಪ್ಯೂಟರ್ ತಪ್ಪು ತಪ್ಪಾಗಿ ಓದುವ ಕಾರಣ ಹೆಸರು ಕೊಟ್ಟು ಹುಡುಕಿದರೆ ಸಿಗದಿರಬಹುದು. ಸತ್ತ ದಿನಾಂಕ ಹಿಡಿದು ಮುಂದಿನ ಎರಡು ಮೂರು ವಾರದ ಸಂಚಿಕೆ ತಿರುವಿ ಹಾಕುವುದೇ ಸರಿ.

1918ರ ನಂತರ ಈ ದಾರಿ ತೆಳುವಾಗುತ್ತದೆ. ಮೊದಲ ಮಹಾಯುದ್ಧದಲ್ಲಿ ಅಮೆರಿಕ ಜರ್ಮನಿಯ ಮೇಲೆ ಬಿದ್ದಾಗ ಜರ್ಮನ್ ಮಾತಾಡುವುದೇ ಅನುಮಾನಕ್ಕೆ ಎಡೆಯಾಯಿತು. ಅಯೋವಾದ ಗವರ್ನರ್ ಹಾರ್ಡಿಂಗ್ 1918ರ ಮೇನಲ್ಲಿ ಒಂದು ಆಜ್ಞೆ ಹೊರಡಿಸಿದ. ಶಾಲೆ, ರೈಲು, ಫೋನು, ಕೊನೆಗೆ ಚರ್ಚಿನ ಪ್ರಾರ್ಥನೆಯಲ್ಲೂ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಕೂಡದು. ಬೀಗರ ಮನೆಯಲ್ಲಿ ಊರಿನ ಹೆಸರು ಮರೆತದ್ದು ಯಾಕೆ ಎಂದು ನನಗೆ ಅರ್ಥವಾದದ್ದು ಇದನ್ನು ಓದಿದ ಮೇಲೆ. ಆ ಭಯಕ್ಕೆ ಒಂದು ದಾಖಲೆಯೂ ಹುಟ್ಟಿದೆ: ಪೌರತ್ವ ಪಡೆಯದ ಜರ್ಮನ್ನರನ್ನು ಆಗ ಫೋಟೋ, ಬೆರಳಚ್ಚು ಸಮೇತ ನೋಂದಾಯಿಸಿದರು. ಬಹುಪಾಲು ನಾಶವಾಗಿದೆ. ಕಾನ್ಸಾಸ್‌ನದ್ದು ಉಳಿದಿದೆ.

ಜಮೀನಿನ ಕಾಗದ ನನಗೆ ಬಲು ಪ್ರಿಯ, ಆದರೂ ಪ್ರಾಮಾಣಿಕವಾಗಿ ಹೇಳಬೇಕು: ಊರಿನ ಹೆಸರಿಗೆ ಅದು ಕೊನೆಯ ಸಾಲಿನದ್ದು. 1862ರ ಹೋಮ್‌ಸ್ಟೆಡ್ ಕಾಯ್ದೆಯಲ್ಲಿ 160 ಎಕರೆ ಸಿಗುತ್ತಿತ್ತು, ಐದು ವರ್ಷ ಅಲ್ಲೇ ಇದ್ದು ಉಳಬೇಕು, ಪೌರತ್ವಕ್ಕೆ ಅರ್ಜಿಯಾದರೂ ಹಾಕಿರಬೇಕು. ಹಾಗಾಗಿ ನೆಬ್ರಾಸ್ಕಾ, ಡಕೋಟಾ, ಕಾನ್ಸಾಸ್ ಕಡೆಯವರಾದರೆ ಆ ಕಡತದೊಳಗೆ ಪೌರತ್ವದ ನಕಲು ಸಿಗುತ್ತದೆ. ಹಕ್ಕುಪತ್ರದ ಚಿತ್ರ ಸರ್ಕಾರದ ತಾಣದಲ್ಲಿ ಪುಕ್ಕಟೆ ಕಾಣುತ್ತದೆ, ಅದರಲ್ಲಿ ತಿರುಳಿಲ್ಲ. ಪೂರ್ತಿ ಕಡತವನ್ನು ನ್ಯಾಷನಲ್ ಆರ್ಕೈವ್ಸ್‌ನಿಂದ ತರಿಸಬೇಕು. ಅಯೋವಾದ ನಮ್ಮವರಂತೆ ಖಾಸಗಿಯಾಗಿ ಕೊಂಡವರಾದರೆ ಈ ಕಡತವೇ ಇರುವುದಿಲ್ಲ. ಆದರೆ ಯಾರ ಪಕ್ಕ ಯಾರ ಜಮೀನು ಎಂದು ಕೌಂಟಿಯ ನಕ್ಷೆಯಿಂದ ಬರೆದಿಟ್ಟುಕೊಳ್ಳಿ. ಒಂದೇ ಊರಿನವರು ಒಟ್ಟಿಗೆ ಬಂದು ಅಕ್ಕಪಕ್ಕ ಕೊಳ್ಳುತ್ತಿದ್ದರು. ನಿಮ್ಮ ಅಜ್ಜನ ಊರು ಸಿಗದಿದ್ದರೆ ಪಕ್ಕದವನ ಊರು ಹುಡುಕಿ.

ಹೆಸರಿನ ಆಟ

ಮ್ಯೂಲರ್ ಮಿಲ್ಲರ್ ಆದ, ಶ್ಮಿಟ್ ಸ್ಮಿತ್ ಆದ, ಝಿಮ್ಮರ್‌ಮನ್ ಅರ್ಥ ಹಿಡಿದು ಕಾರ್ಪೆಂಟರ್ ಆದ. ಇದು ಎಲ್ಲರಿಗೂ ಗೊತ್ತು. ಕಾಡುವುದು ಬೇರೆ. ಯೋಹಾನ್ ಎಂದು ನಾಲ್ಕೂ ಗಂಡು ಮಕ್ಕಳಿಗೆ ಇಟ್ಟು, ಕರೆಯುವುದು ಎರಡನೇ ಹೆಸರಿನಿಂದ. ವೆಸ್ಟ್‌ಫಾಲಿಯಾ ಕಡೆ ಜಮೀನಿಗೇ ಒಂದು ಹೆಸರು, ಅಳಿಯನಾಗಿ ಬಂದವನು ತನ್ನ ಹೆಸರು ಬಿಟ್ಟು ಜಮೀನಿನ ಹೆಸರು ಇಟ್ಟುಕೊಳ್ಳುತ್ತಿದ್ದ.

ನಮ್ಮ ಬೀಗರದ್ದು ಓಸ್ಟ್‌ಫ್ರೀಸ್‌ಲ್ಯಾಂಡ್, ಜರ್ಮನಿಯ ವಾಯವ್ಯ ಮೂಲೆ. ಅಲ್ಲಿ ಮನೆತನದ ಹೆಸರೇ ಇರಲಿಲ್ಲ, ಅಪ್ಪನ ಹೆಸರೇ ಮಗನ ಬಾಲ. ಯಾನ್ ಎಂಬುವನ ಮಗ ಹಾರ್ಮ್ ಆದರೆ ಹಾರ್ಮ್ ಯಾನ್ಸೆನ್. ಅವನ ಮಗ ಯಾನ್ ಆದರೆ ಯಾನ್ ಹಾರ್ಮ್ಸ್. ಮೊದಲ ಮಗನಿಗೆ ಅಜ್ಜನ ಹೆಸರೇ ಇಡುವುದರಿಂದ ಈ ಎರಡೇ ಹೆಸರು ಸುತ್ತುತ್ತಿರುತ್ತವೆ. ನೆಪೋಲಿಯನ್ ಕಾಲದಲ್ಲಿ, 1811ರಲ್ಲಿ, ಖಾಯಂ ಹೆಸರು ಇಟ್ಟುಕೊಳ್ಳಿ ಎಂದು ಹುಕುಂ ಬಂತು. ಹಳ್ಳಿಯವರು ದಶಕಗಳ ಕಾಲ ಕೇಳಲಿಲ್ಲ. ಸೊಸೆಗೆ ಇದು ತಲೆನೋವು. ನನಗೆ ಹತ್ತೇ ನಿಮಿಷದಲ್ಲಿ ಹತ್ತಿತು, ನಮ್ಮ ಇನಿಷಿಯಲ್ಲೂ ಅದೇ ತಾನೇ?

ಅಂದ ಹಾಗೆ ನಕ್ಷೆಯಲ್ಲಿ ಆ ಸೀಮೆ ನೋಡುವಾಗ ರೆಸ್ಟರ್‌ಹಾಫೆ ಎಂಬ ಊರು ಕಣ್ಣಿಗೆ ಬಿತ್ತು. 1832ರಲ್ಲಿ ಫರ್ಡಿನಾಂಡ್ ಕಿಟೆಲ್ ಹುಟ್ಟಿದ್ದು ಅಲ್ಲೇ. ನಮ್ಮ ನಿಘಂಟಿನ ಕಿಟೆಲ್! ಮನೆಗೆ ಹೋದ ಮೇಲೆ ಬೀಗರಿಗೆ ಹೇಳಿದೆ, "ನಿಮ್ಮ ಸೀಮೆಯವರೊಬ್ಬರು ನಮ್ಮ ಭಾಷೆಗೆ ನಿಘಂಟು ಮಾಡಿಕೊಟ್ಟಿದ್ದಾರೆ" ಎಂದು. ಅವರು ನಂಬಲಿಲ್ಲ.

ದುಡ್ಡು ಎಲ್ಲಿ ಹಾಕಬೇಕು

ಫ್ಯಾಮಿಲಿಸರ್ಚ್ ಎಂಬ ವಂಶ ಹುಡುಕುವ ತಾಣ ಪುಕ್ಕಟೆ. ಸಾಲ್ಟ್ ಲೇಕ್ ಸಿಟಿಯ ಮಾರ್ಮನ್ ಚರ್ಚಿನವರು ನಡೆಸುವುದು. ಕೆಲವು ಚಿತ್ರಗಳನ್ನು ಮಾತ್ರ ಅವರ ಕೇಂದ್ರಕ್ಕೋ ಸೇರಿಕೊಂಡ ಲೈಬ್ರರಿಗೋ ಹೋಗಿ ನೋಡಬೇಕು. ಹಳೇ ಕ್ರಯಪತ್ರ, ಉಯಿಲುಗಳ ಕೈಬರಹವನ್ನೇ ಕಂಪ್ಯೂಟರ್ ಓದಿ ಹೆಸರು ಹುಡುಕಿಕೊಡುವ ಸೌಕರ್ಯ ಅದರಲ್ಲಿ ಬಂದಿದೆ. ನಮ್ಮ ಕಚೇರಿಯಲ್ಲಿ ಇದೊಂದು ಇದ್ದಿದ್ದರೆ ಎಂದು ಅನಿಸದೆ ಇರಲಿಲ್ಲ. ಅಂಥದ್ದೇ ಇನ್ನೊಂದು ತಾಣ ಆನ್ಸೆಸ್ಟ್ರಿಗೆ ಚಂದಾ ಕಟ್ಟಬೇಕು. ಅಮೆರಿಕದ ಎಷ್ಟೋ ಸಾರ್ವಜನಿಕ ಲೈಬ್ರರಿಗಳಲ್ಲಿ ಅದೇ ಪುಕ್ಕಟೆ ಸಿಗುತ್ತದೆ, ಮೊದಲು ಅಲ್ಲಿ ಕೇಳಿ.

ಜರ್ಮನಿಯ ಕಡೆ ಚರ್ಚಿನ ಪುಸ್ತಕಗಳ ಚಿತ್ರ ನೋಡಲು ಎರಡು ತಾಣಗಳಿವೆ: ಪ್ರಾಟೆಸ್ಟೆಂಟ್ ಚರ್ಚುಗಳಿಗೆ ಆರ್ಕಿಯೋನ್, ಕ್ಯಾಥಲಿಕ್ ಚರ್ಚುಗಳಿಗೆ ಮಾಟ್ರಿಕುಲಾ. ಮೊದಲನೆಯದಕ್ಕೆ ದುಡ್ಡು, ಎರಡನೆಯದು ಪುಕ್ಕಟೆ. ಎರಡರಲ್ಲೂ ಹೆಸರು ಕೊಟ್ಟು ಹುಡುಕುವಂತಿಲ್ಲ, ಊರು ಆರಿಸಿ ಪುಟ ತಿರುವಬೇಕು. ಆದ್ದರಿಂದ ಊರು ಗೊತ್ತಾಗುವ ತನಕ ಆರ್ಕಿಯೋನ್‌ಗೆ ಒಂದು ಪೈಸೆಯೂ ಹಾಕಬೇಡಿ. ನಾನು ಹಾಕಿ ಕೂತಿದ್ದೆ. ಊರು ಸಿಕ್ಕ ಮೇಲೆ ಮೇಯರ್ಸ್ ಗೆಝೆಟಿಯರ್ ತಾಣ ತೆರೆಯಿರಿ. ಒಂದೇ ಹೆಸರಿನ ಊರುಗಳು ಹತ್ತಾರು ಇರುತ್ತವೆ, ನಿಮ್ಮದು ಯಾವ ಜಿಲ್ಲೆ, ಯಾವ ಚರ್ಚಿಗೆ ಸೇರಿದ್ದು ಎಂದು ಅಲ್ಲಿ ತಿಳಿಯುತ್ತದೆ. ಅದೃಷ್ಟವಿದ್ದರೆ ಆ ಊರಿಗೆ ಓರ್ಟ್ಸ್‌ಫಾಮಿಲಿಯನ್‌ಬುಖ್ ಇರುತ್ತದೆ. ಊರಿನ ಎಲ್ಲ ಕುಟುಂಬಗಳನ್ನೂ ಚರ್ಚಿನ ಪುಸ್ತಕದಿಂದ ಹೆಕ್ಕಿ ಜೋಡಿಸಿದ ಪುಸ್ತಕ ಅದು. ಓಸ್ಟ್‌ಫ್ರೀಸ್‌ಲ್ಯಾಂಡ್‌ಗೆ ಇಂಥವು ಬಹಳ.

ವುರ್ಟೆಂಬರ್ಗ್ ಕಡೆಯವರು ಪುಣ್ಯವಂತರು. 1808ರಿಂದ ಚರ್ಚುಗಳು ಕುಟುಂಬಕ್ಕೊಂದು ಪುಟ ಇಟ್ಟಿವೆ, ಹೋದವರ ಮುಂದೆ 'ಅಮೆರಿಕಕ್ಕೆ' ಎಂದು ಬರೆದಿರುತ್ತದೆ. 18ನೇ ಶತಮಾನದಲ್ಲೇ ಪೆನ್ಸಿಲ್ವೇನಿಯಾಕ್ಕೆ ಬಂದವರಾದರೆ 1727ರಿಂದ 1808ರ ಹಡಗಿನ ಪಟ್ಟಿಗಳು ಅಚ್ಚಾಗಿವೆ. ಗಣತಿಯಲ್ಲಿ ಹುಟ್ಟಿದ್ದು ರಷ್ಯಾ, ಮಾತು ಜರ್ಮನ್ ಎಂದಿದ್ದರೆ ಗಾಬರಿ ಬೇಡ. 1763ರಲ್ಲಿ ಕ್ಯಾಥರೀನ್ ರಾಣಿ ಕರೆದಳೆಂದು ರಷ್ಯಾಕ್ಕೆ ಹೋಗಿ, ನೂರು ವರ್ಷದ ಮೇಲೆ ಅಲ್ಲಿಂದ ಹೊರಟವರ ವಂಶ ಅದು. ಅವರಿಗೆ ನೆಬ್ರಾಸ್ಕಾದ ಲಿಂಕನ್‌ನಲ್ಲಿ ಬೇರೆಯೇ ಸಂಘವಿದೆ, ನೇರ ಅಲ್ಲಿಗೆ ಹೋಗಿ.

ಡಿಎನ್‌ಎ ಪರೀಕ್ಷೆ ಊರು ಹೇಳುವುದಿಲ್ಲ. 'ಇಷ್ಟು ಪಾಲು ಜರ್ಮನ್' ಎನ್ನುವ ಬಣ್ಣದ ನಕ್ಷೆಯನ್ನು ಗೋಡೆಗೆ ತೂಗು ಹಾಕಬಹುದು ಅಷ್ಟೇ. ಅದರ ನಿಜವಾದ ಲಾಭ ಗೊತ್ತಿಲ್ಲದ ದಾಯಾದಿಗಳು ಸಿಗುವುದು. ಅವರ ಮನೆಯ ಅಟ್ಟದ ಮೇಲೆ ಹಳೇ ಬೈಬಲ್ಲು, ಕಾಗದ ಇರಬಹುದು.

ಬೇರೆಯವರು ಹಾಕಿದ ವಂಶವೃಕ್ಷಗಳ ಬಗ್ಗೆ ಮಾತ್ರ ಹುಷಾರು. ಒಂದು ತಾಣ ತಾನಾಗಿ ತೋರಿಸಿದ ಸುಳಿವನ್ನು ನಂಬಿ ನಾವು ಮೂರು ವಾರ ಒಬ್ಬನ ಹಿಂದೆ ಬಿದ್ದಿದ್ದೆವು. ಹೆಸರು ಸರಿ, ಹುಟ್ಟಿದ ವರ್ಷ ಸರಿ, ಐದು ಜನ ಅದನ್ನೇ ನಕಲು ಮಾಡಿಕೊಂಡಿದ್ದರು. ಕೊನೆಗೆ ಅದೇ ಚರ್ಚಿನ ಸಾವಿನ ಪುಟ ತಿರುವಿದರೆ, ಆ ಮಗು ಎರಡು ವರ್ಷ ತುಂಬುವ ಮೊದಲೇ ತೀರಿಕೊಂಡಿತ್ತು. ಅಮೆರಿಕಕ್ಕೆ ಬಂದು ಹನ್ನೊಂದು ಮಕ್ಕಳನ್ನು ಹೆತ್ತವನು ಅವನಾಗಲು ಹೇಗೆ ಸಾಧ್ಯ? ಅಂದಿನಿಂದ ಹುಟ್ಟಿನ ಪುಟ ಸಿಕ್ಕ ತಕ್ಷಣ ಸಾವಿನ ಪುಟ ನೋಡುವುದು ಅಭ್ಯಾಸವಾಗಿದೆ.

ಅದೇ ಹೆಸರಿನವನು ಇನ್ನೊಬ್ಬನಿದ್ದ, ಪಕ್ಕದ ಊರಿನಲ್ಲಿ, ಒಂದೇ ವರ್ಷ ಚಿಕ್ಕವನು. ಅವನ ಹೆಸರಿನ ಮುಂದೆ ಮದುವೆಯೂ ಇಲ್ಲ, ಸಾವೂ ಇಲ್ಲ. ದೀಕ್ಷಾಸ್ನಾನಕ್ಕೆ ಸಾಕ್ಷಿಯಾಗಿ ನಿಂತವರ ಹೆಸರು ನೋಡಿದೆ. ಎಲ್ಲೋ ಕಂಡ ಹೆಸರು. 1870ರ ಗಣತಿಯ ಹಾಳೆ ತೆಗೆದೆ. ಮುತ್ತಜ್ಜನ ಮನೆಯ ಕೆಳಗಿನ ಸಾಲಿನಲ್ಲೇ ಅದೇ ಮನೆತನ. ಬೀಗರಿಗೆ ತೋರಿಸಿದಾಗ ಅವರು ಕನ್ನಡಕ ತೆಗೆದು ಹಾಕಿ ಎರಡು ಸಲ ಓದಿದರು. ಆ ಮನೆಯವರು ಈಗಲೂ ಮೂರು ಮೈಲಿ ಆಚೆ ಬೇಸಾಯ ಮಾಡುತ್ತಿದ್ದಾರೆ. ಹೋದ ವರ್ಷ ಇಬ್ಬರಿಗೂ ಬೇಲಿ ವಿಷಯಕ್ಕೆ ಮಾತು ಬಿಟ್ಟಿತ್ತು. ಬೀಗರು ಎದ್ದು ಹೋಗಿ ಫೋನ್ ಕೈಗೆತ್ತಿಕೊಂಡರು.